ಕಳಪೆ ಕಾಮಗಾರಿಯೋ, ಕಳಪೆ ಲೆಕ್ಕವೋ?

ಹೊಸ ರಸ್ತೆ ಆರು ವರ್ಷಕ್ಕೇ ಬಿರುಕು ಬಿಟ್ಟರೆ ನಮ್ಮಲ್ಲಿ ತೀರ್ಪು ಮೊದಲೇ ಸಿದ್ಧ: ‘ಕಳಪೆ ಕಾಮಗಾರಿ’. ಪತ್ರಿಕೆಯ ಜಿಲ್ಲಾ ಪುಟದಲ್ಲಿ ಈ ಎರಡು ಪದ ಕಾಣದ ವಾರವೇ ಇಲ್ಲ. ಗುತ್ತಿಗೆದಾರ ಓವರ್‌ಲೋಡ್ ಲಾರಿ ತೋರಿಸುತ್ತಾನೆ. ಎಂಜಿನಿಯರ್ ಮಳೆ ತೋರಿಸುತ್ತಾರೆ. ಊರಿನವರು ಕಮಿಷನ್ ಕಡೆ ಬೆರಳು ಮಾಡುತ್ತಾರೆ. ಎಲ್ಲರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜ ಇರಬಹುದು. ಆದರೆ ಕೆಲಸ ಸರಿಯಾಗಿಯೇ ನಡೆದು, ಲೆಕ್ಕವೇ ತಪ್ಪಿದ್ದರೆ? ಅದರ ಮಾತೇ ಬರುವುದಿಲ್ಲ. ಇದರ ಇನ್ನೊಂದು ಮುಖವೂ ಇದೆ. 20 ವರ್ಷವಾದರೂ ಅಲುಗಾಡದ ರಸ್ತೆಗೆ, ಬೇಕಿದ್ದಕ್ಕಿಂತ ಎಷ್ಟೋ ಜಾಸ್ತಿ ಜಲ್ಲಿ, ಡಾಂಬರು ಸುರಿದಿದ್ದರೆ? ಅದೂ ಕೆಟ್ಟ ಲೆಕ್ಕವೇ. ಆದರೆ ಅದು ಯಾವತ್ತೂ ಸುದ್ದಿಯಾಗುವುದಿಲ್ಲ.

ಇದನ್ನು ಪತ್ತೆ ಹಚ್ಚಲು ಎಂಜಿನಿಯರ್‌ಗಳ ಕೈಯಲ್ಲಿ ಒಂದು ಸಾಧನ ಇದೆ: ಪೇವ್‌ಮೆಂಟ್ ಮ್ಯಾನೇಜ್‌ಮೆಂಟ್ ಡೇಟಾ. ಪೇವ್‌ಮೆಂಟ್ ಅಂದ ತಕ್ಷಣ ನಮಗೆ ಫುಟ್‌ಪಾತ್ ನೆನಪಾಗುತ್ತದೆ, ಅಲ್ವಾ? ಇಲ್ಲಿ ಹಾಗಲ್ಲ. ಗಾಲಿ ಉರುಳುವ ಡಾಂಬರು, ಅದರ ಕೆಳಗಿನ ಜಲ್ಲಿ, ಅದಕ್ಕೂ ಕೆಳಗೆ ತುಳಿದು ಗಟ್ಟಿ ಮಾಡಿದ ಮಣ್ಣು, ಈ ಪದರಗಳೆಲ್ಲ ಸೇರಿ ಪೇವ್‌ಮೆಂಟ್. ಅದು ಹೇಗಿದೆ ಅಂತ ವರ್ಷ ವರ್ಷವೂ ಅಳೆದು ಬರೆದಿಟ್ಟ ಲೆಕ್ಕವೇ ಈ ಡೇಟಾ. ಡಿಸೈನ್ ಪರೀಕ್ಷೆ ಮಾಡಲು ಇದನ್ನು ಶುರು ಮಾಡಿದ್ದಲ್ಲ. ಈ ವರ್ಷ ಇರುವ ದುಡ್ಡಿನಲ್ಲಿ ಯಾವ ರಸ್ತೆಗೆ ಮೊದಲು ಕೈ ಹಾಕಬೇಕು ಅಂತ ನಿರ್ಧರಿಸಲು ಶುರುವಾಗಿದ್ದು. ಹತ್ತಿಪ್ಪತ್ತು ವರ್ಷ ಕೂಡಿಟ್ಟಾಗ ಗೊತ್ತಾಯಿತು, ಡಿಸೈನ್ ಮಾಡಿದವರು ಕೊಟ್ಟ ಮಾತು ಎಷ್ಟು ನಿಜವಾಯಿತು ಅನ್ನುವುದನ್ನೂ ಈ ಲೆಕ್ಕ ಹೇಳಬಲ್ಲದು ಅಂತ.

ಅಳೆಯುವುದು ಏನನ್ನು? ಮೊದಲನೆಯದು ಕುಲುಕಾಟ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವರಿಗೆ ಇದನ್ನು ವಿವರಿಸುವ ಅಗತ್ಯ ಇಲ್ಲ. 1982ರಲ್ಲಿ ಬ್ರೆಜಿಲ್‌ನಲ್ಲಿ ವಿಶ್ವಬ್ಯಾಂಕ್ ನಡೆಸಿದ ಪ್ರಯೋಗದಿಂದ ಇದಕ್ಕೊಂದು ಸಾಮಾನ್ಯ ಅಳತೆ ಬಂತು. ಹೆಸರು ಐಆರ್‌ಐ, ಅಂದರೆ ಇಂಟರ್‌ನ್ಯಾಷನಲ್ ರಫ್‌ನೆಸ್ ಇಂಡೆಕ್ಸ್. ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುವ ಒಂದು ಕಾಲ್ಪನಿಕ ಕಾರಿನ ಸಸ್ಪೆನ್ಷನ್ ಪ್ರತಿ ಕಿಲೋಮೀಟರಿಗೆ ಒಟ್ಟು ಎಷ್ಟು ಮೀಟರ್ ಮೇಲೆ ಕೆಳಗೆ ಆಡಿತು ಅನ್ನುವ ಲೆಕ್ಕ ಅದು. ನಮ್ಮಲ್ಲಿ ಬಂಪ್ ಇಂಟಿಗ್ರೇಟರ್ ಅನ್ನುವ ಗಾಲಿಯನ್ನು ಜೀಪಿಗೆ ಕಟ್ಟಿ ಎಳೆದು ಇದೇ ಕೆಲಸ ಮಾಡುತ್ತಿದ್ದರು, ಈಗಲೂ ಮಾಡುತ್ತಾರೆ. ಎರಡನೆಯದು ಗಾಲಿಯ ಜಾಡು. ಲಾರಿಗಳು ಓಡಿ ಓಡಿ ಆಗುವ ಉದ್ದನೆಯ ತಗ್ಗು ಇದು, ಇಂಗ್ಲಿಷಿನವರು ರಟ್ ಅನ್ನುತ್ತಾರೆ. ಮೂರನೆಯದು ಬಿರುಕು. ಗಾಲಿ ಓಡುವ ಜಾಗದಲ್ಲಿ ಮೊಸಳೆ ಚರ್ಮದ ಹಾಗೆ ಚೌಕ ಚೌಕವಾಗಿ ಒಡೆದಿದ್ದರೆ ಭಾರ ತಾಳದೆ ದಣಿದಿದೆ ಅಂತ ಲೆಕ್ಕ. ಇವೆಲ್ಲ ಕಣ್ಣಿಗೆ ಕಾಣುವಂಥವು. ಒಳಗಿನ ಗಟ್ಟಿತನ ನೋಡಲು ರಸ್ತೆಯ ಮೇಲೆ ಒಂದು ತೂಕವನ್ನು ದಬಕ್ಕನೆ ಬೀಳಿಸಿ, ಮೇಲ್ಮೈ ಎಷ್ಟು ಬಾಗಿತು ಅಂತ ಅಳೆಯುತ್ತಾರೆ. ಹಲಸಿನ ಹಣ್ಣನ್ನು ತಟ್ಟಿ ನೋಡಿದ ಹಾಗೆ.

ಈಗ ಕತೆಯ ಬೇರಿಗೆ ಹೋಗೋಣ. ಜಗತ್ತಿನ ಎಷ್ಟೋ ರಸ್ತೆಗಳ ದಪ್ಪವನ್ನು ನಿರ್ಧರಿಸಿದ ಲೆಕ್ಕ ಹುಟ್ಟಿದ್ದು ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವ ಅನ್ನುವ ಊರಿನ ಹತ್ತಿರ. ಕೆನಡಾದ ರಾಜಧಾನಿ ಅಲ್ಲ, ಅದೇ ಹೆಸರಿನ ಚಿಕ್ಕ ಊರು. 1958ರಿಂದ 1960ರವರೆಗೆ ಅಲ್ಲಿ ಆರು ಸುತ್ತು ರಸ್ತೆ ಕಟ್ಟಿ, ಬೇರೆ ಬೇರೆ ದಪ್ಪದ ನೂರಾರು ತುಂಡುಗಳನ್ನು ಜೋಡಿಸಿ, ಸೈನಿಕರ ಕೈಯಲ್ಲಿ ಹಗಲು ರಾತ್ರಿ ಟ್ರಕ್ ಓಡಿಸಿದರು. ಒಂದು ಸುತ್ತನ್ನು ಮಾತ್ರ ಟ್ರಕ್ಕಿಗೆ ಬಿಡದೆ ಸುಮ್ನೆ ಇಟ್ಟಿದ್ದರು, ಬರೀ ಬಿಸಿಲು ಚಳಿಗೆ ರಸ್ತೆ ಹೇಗೆ ಮುಪ್ಪಾಗುತ್ತದೆ ಅಂತ ನೋಡಲು. ಉಳಿದವುಗಳ ಮೇಲೆ ಸುಮಾರು 11 ಲಕ್ಷ ಸಲ ಅಚ್ಚುಗಳು, ಅಂದರೆ ಎರಡು ಬದಿಯ ಗಾಲಿಗಳನ್ನು ಜೋಡಿಸುವ ಆಕ್ಸಲ್‌ಗಳು, ಹಾದುಹೋದವು. ಇದಕ್ಕೆ ಆಶೋ ರೋಡ್ ಟೆಸ್ಟ್ ಅಂತ ಹೆಸರು. ಆಶೋ ಅಂದರೆ ಅಲ್ಲಿಯ ರಾಜ್ಯಗಳ ಹೆದ್ದಾರಿ ಅಧಿಕಾರಿಗಳ ಸಂಘ.

ನನಗೆ ಅದರಲ್ಲಿ ಬಹಳ ಹಿಡಿಸಿದ ಸಂಗತಿ ಬೇರೆ. ರಸ್ತೆ ಚೆನ್ನಾಗಿದೆಯೋ ಇಲ್ಲವೋ ಅಂತ ಹೇಳಬೇಕಾದವರು ಯಾರು? ಅವರು ಒಂದಷ್ಟು ಜನರನ್ನು ಕಾರಿನಲ್ಲಿ ಕೂರಿಸಿ, ರಸ್ತೆಗಳ ಮೇಲೆ ಓಡಾಡಿಸಿ, ಸೊನ್ನೆಯಿಂದ ಐದರವರೆಗೆ ಅಂಕ ಹಾಕಿಸಿದರು. ಆಮೇಲೆ ಅದೇ ರಸ್ತೆಗಳ ಬಿರುಕು, ಜಾಡು, ಏರುಪೇರು ಅಳೆದು ಜನರ ಅಂಕಕ್ಕೆ ತಾಳೆ ಹಾಕಿದರು. ಜನರ ಮನಸ್ಸನ್ನು ಹೆಚ್ಚುಕಡಿಮೆ ನಿರ್ಧರಿಸುತ್ತಿದ್ದುದು ಮೇಲ್ಮೈಯ ಏರುಪೇರೇ. ಬಿರುಕಿಗೆ ಸಿಕ್ಕ ತೂಕ ತೀರಾ ಕಡಿಮೆ. ಅಂದರೆ ಕೂತವನ ಬೆನ್ನಿಗೆ ತಿಳಿಯುವ ರಸ್ತೆ ಬೇರೆ, ಒಳಗೊಳಗೇ ಸಾಯುತ್ತಿರುವ ರಸ್ತೆ ಬೇರೆ. ಇದನ್ನು ನೆನಪಿಟ್ಟುಕೊಳ್ಳಿ.

ಅಲ್ಲಿಂದಲೇ ಬಂದಿದ್ದು ನಾಲ್ಕನೇ ಘಾತದ ನಿಯಮ. ಅಚ್ಚಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಪೆಟ್ಟು ಎರಡು ಪಟ್ಟಲ್ಲ, ಸುಮಾರು 16 ಪಟ್ಟು. ಅಚ್ಚಿಗೆ ಅರ್ಧ ಟನ್ ಇರುವ ಕಾರನ್ನೂ 10 ಟನ್ ಇರುವ ಲಾರಿಯನ್ನೂ ಹೋಲಿಸಿ ನೋಡಿ: 20ರ ನಾಲ್ಕನೇ ಘಾತ, ಅಂದರೆ 1,60,000. ರಸ್ತೆಯ ಲೆಕ್ಕದಲ್ಲಿ ನಿಮ್ಮ ಕಾರು, ಬೈಕು ಇದ್ದರೂ ಇಲ್ಲದ ಹಾಗೆಯೇ.

ಆ ಪರೀಕ್ಷೆ ಒಂದು ಅಂಕಪಟ್ಟಿಯನ್ನೂ ಕೊಟ್ಟಿತು. ಒಂದು ಇಂಚು ಡಾಂಬರಿನ ಬಲ 0.44, ಒಂದು ಇಂಚು ಜಲ್ಲಿಯದು 0.14. ಹೀಗೆ ಪದರಗಳ ಬಲ ಕೂಡಿಸಿ ರಸ್ತೆಯ ದಪ್ಪ ನಿರ್ಧರಿಸುವುದು. ಸುಲಭ, ಚೊಕ್ಕ. ಆದರೆ ಯೋಚಿಸಿ: ಒಂದೇ ಬಗೆಯ ಮಣ್ಣು, ಒಂದೇ ಹವೆ, ಎರಡೇ ವರ್ಷ, 1950ರ ದಶಕದ ಟೈರು ಮತ್ತು ಡಾಂಬರು. ಇಷ್ಟರಲ್ಲಿ ಸಿಕ್ಕಿದ ಸಂಖ್ಯೆಗಳನ್ನು ಹಿಡಿದು, ಮರಳುಗಾಡಿಗೂ ಮಳೆನಾಡಿಗೂ, ಹತ್ತು ಪಟ್ಟು ನೂರು ಪಟ್ಟು ಟ್ರಾಫಿಕ್ಕಿಗೂ, ದಶಕಗಟ್ಟಲೆ ರಸ್ತೆ ಕಟ್ಟಿದರು. ಅದು ಸರಿಯೇ ಅಂತ ಕೇಳಲು ಇನ್ನೊಂದು ಒಟ್ಟಾವ ಕಟ್ಟುವುದು ದುಬಾರಿ. ಕಟ್ಟಿದ ರಸ್ತೆಗಳನ್ನೇ ಕೇಳುವುದು ಅಗ್ಗ.

ಹಾಗೆ ಕೇಳಿದವರಲ್ಲಿ ವಾಷಿಂಗ್ಟನ್ ರಾಜ್ಯ ಮುಂಚೂಣಿಯಲ್ಲಿದೆ. ಸಿಯಾಟಲ್, ಬೆಲ್‌ವ್ಯೂ, ರೆಡ್‌ಮಂಡ್ ಕಡೆ ಇರುವ ನಮ್ಮವರು ಐ-90 ಹೆದ್ದಾರಿಯ ಮೇಲೆ ಓಡಾಡುತ್ತಾರಲ್ಲ, ಆ ರಾಜ್ಯ. ಅಲ್ಲಿಯ ಹೆದ್ದಾರಿ ಇಲಾಖೆ 1969ರಿಂದ ತನ್ನ ರಸ್ತೆಗಳ ಸ್ಥಿತಿಯನ್ನು ಕ್ರಮವಾಗಿ ಬರೆದಿಡುತ್ತಾ ಬಂದಿದೆ. ಶುರುವಿನಲ್ಲಿ ಗಾಡಿಯ ಗಾಜಿನಿಂದ ಹೊರಗೆ ನೋಡಿ ಬಿರುಕು ಎಣಿಸಿ ಬರೆಯುತ್ತಿದ್ದರು. ಈಗ ಕ್ಯಾಮೆರಾ, ಲೇಸರ್ ಇರುವ ವ್ಯಾನ್ ಹೋಗುತ್ತದೆ. ಬರೀ ಸ್ಥಿತಿಯಲ್ಲ, ಯಾವ ತುಂಡಿಗೆ ಯಾವ ವರ್ಷ ಏನು ಪದರ ಹಾಕಿದ್ದು ಅನ್ನುವುದೂ ಅದರ ಪಕ್ಕದಲ್ಲೇ ಇದೆ.

ಅಲ್ಲಿ ಕಂಡಿದ್ದು ಏನು? ದಪ್ಪ ಡಾಂಬರಿನ ರಸ್ತೆಗಳಲ್ಲೂ ಬಿರುಕು ಬಿಡುತ್ತಿತ್ತು. ಪುಸ್ತಕದ ಪ್ರಕಾರ ಬಿರುಕು ಹುಟ್ಟುವುದು ಡಾಂಬರಿನ ತಳದಲ್ಲಿ. ಲಾರಿ ಹಾದಾಗ ಪದರ ಬಾಗುತ್ತದೆ, ತಳ ಎಳೆಯಲ್ಪಡುತ್ತದೆ, ಲಕ್ಷಾಂತರ ಸಲ ಹೀಗಾದ ಮೇಲೆ ತಳ ಸೀಳಿ ಮೇಲಕ್ಕೆ ಬರುತ್ತದೆ. ಹಾಗಾದರೆ ಪರಿಹಾರ ಇನ್ನೂ ದಪ್ಪ ಹಾಕುವುದು. ಆದರೆ ಬಿರುಕಿನ ಮೇಲೆಯೇ ಕೊರೆದು, ದುಂಡನೆಯ ಕಂಬದ ಹಾಗೆ ತುಂಡು ತೆಗೆದು ನೋಡಿದಾಗ ಬೇರೆಯೇ ಕಂಡಿತು. ಸುಮಾರು 160 ಮಿ.ಮೀ.ಗಿಂತ ದಪ್ಪ ಇದ್ದ ಕಡೆ ಬಿರುಕು ಮೇಲಿನಿಂದ ಶುರುವಾಗಿ ಕೆಳಕ್ಕೆ ಇಳಿಯುತ್ತಿತ್ತು. ತಳ ಗಟ್ಟಿಯಾಗಿಯೇ ಇತ್ತು. ಇದನ್ನು ಅವರು 2000ದಲ್ಲಿ ಪ್ರಕಟಿಸಿದರು. ಹಾಗಿದ್ದರೆ ಕಿತ್ತು ಹೊಸದಾಗಿ ಕಟ್ಟುವ ಕೆಲಸವೇ ಇಲ್ಲ. ಮೇಲಿನ ಎರಡು ಇಂಚು ಕೆರೆದು ಅಷ್ಟನ್ನೇ ಮತ್ತೆ ತುಂಬಿದರೆ ಸಾಕು. ಬ್ರಿಟನ್ನಿನ ಸಂಶೋಧಕರು 1997ರಲ್ಲೇ ತಮ್ಮ ಮೋಟಾರುಮಾರ್ಗಗಳಿಂದ ಇದಕ್ಕೆ ಹತ್ತಿರದ ಮಾತು ಹೇಳಿದ್ದರು: ಚೆನ್ನಾಗಿ ಕಟ್ಟಿದ ದಪ್ಪ ರಸ್ತೆ ವರ್ಷ ಕಳೆದಂತೆ ಮೆತ್ತಗಾಗುವುದಿಲ್ಲ, ಬಿಗಿಯಾಗುತ್ತದೆ. ಒಂದು ಮಟ್ಟ ದಾಟಿದ ಮೇಲೆ ಇನ್ನೂ ದಪ್ಪ ಮಾಡುವುದು ದುಡ್ಡು ದಂಡ.

ಆಮೇಲೆ ವಾಷಿಂಗ್ಟನ್ನಿನವರು ಆ 0.44ಕ್ಕೇ ಕೈ ಹಾಕಿದರು. ತಮ್ಮ ರಸ್ತೆಗಳು ನಿಜವಾಗಿ ಬಾಳಿದ ರೀತಿಗೆ ಲೆಕ್ಕ ಹೊಂದಿಸಿ ನೋಡಿದರೆ 0.50 ಸರಿ ಅನ್ನಿಸಿತು. ಸುಮ್ನೆ 0.06 ವ್ಯತ್ಯಾಸ ಅಂತ ನಗಬೇಡಿ. ಅಷ್ಟೇ ಬಲಕ್ಕೆ ಶೇ 12ರಷ್ಟು ಕಡಿಮೆ ಡಾಂಬರು ಸಾಕು ಅಂತ ಅದರ ಅರ್ಥ. ಅಲಬಾಮಾ ರಾಜ್ಯ ತನ್ನ ಪರೀಕ್ಷಾ ಟ್ರ್ಯಾಕಿನ ಆಧಾರದಲ್ಲಿ 0.54ಕ್ಕೇ ಹೋಯಿತು, ಅಂದರೆ ಶೇ 18ರಷ್ಟು ಉಳಿತಾಯ.

ಅದೇ ವಾಷಿಂಗ್ಟನ್ನಿನಿಂದ ಇನ್ನೊಂದು ಪಾಠ. ಸ್ಪೋಕೇನ್ ಕಡೆಯ ಕಾಂಕ್ರೀಟ್ ರಸ್ತೆಗಳಲ್ಲಿ ಗಾಲಿಯ ಜಾಡು ಕಂಡಿತು. ಕಾಂಕ್ರೀಟು ಭಾರಕ್ಕೆ ಡಾಂಬರಿನ ಹಾಗೆ ತಗ್ಗು ಬೀಳುವುದಿಲ್ಲ. ಹಾಗಾದರೆ ಈ ಜಾಡು ಎಲ್ಲಿಂದ? ಚಳಿಗಾಲದಲ್ಲಿ ಹಿಮದ ಮೇಲೆ ಜಾರದಿರಲಿ ಅಂತ ಕಾರಿನವರು ಲೋಹದ ಮೊಳೆ ಇರುವ ಟೈರು ಹಾಕುತ್ತಾರೆ. ಆ ಮೊಳೆಗಳು ಕಾಂಕ್ರೀಟನ್ನು ಉಜ್ಜಿ ತೆಗೆದಿದ್ದವು. ಕಂಪ್ಯೂಟರಿನಲ್ಲಿ ಎರಡು ಜಾಡೂ ಒಂದೇ ಸಂಖ್ಯೆ. ಒಂದು ಕಡೆ ರಸ್ತೆ ಭಾರಕ್ಕೆ ಸೋತಿದೆ, ಇನ್ನೊಂದು ಕಡೆ ರಸ್ತೆ ಬರೀ ಸವೆದಿದೆ. ಮೊದಲು ನಾನು ಲೆಕ್ಕಕ್ಕೇ ಬರುವುದಿಲ್ಲ ಅಂದ ಕಾರುಗಳೇ ಇಲ್ಲಿ ಅಪರಾಧಿಗಳು, ನೋಡಿ.

ಇನ್ನು ಅರಿಜೋನಾ. ತನ್ನ 7,400 ಮೈಲಿ ಹೆದ್ದಾರಿಗೆ ಆ ರಾಜ್ಯ 1980ರಲ್ಲಿ ಇಂಥ ಪೇವ್‌ಮೆಂಟ್ ಲೆಕ್ಕದ ವ್ಯವಸ್ಥೆ ತಂದಿತು. ಮೊದಲ ವರ್ಷವೇ 1.4 ಕೋಟಿ ಡಾಲರ್ ಉಳಿಯಿತು. ಕಾರಣಗಳಲ್ಲಿ ಒಂದು ಹೀಗಿತ್ತು: ಹಳೆಯ ರಸ್ತೆಯ ಮೇಲೆ ಐದು ಇಂಚು ಡಾಂಬರು ಹಾಕಿದ್ದಕ್ಕೂ ಮೂರು ಇಂಚು ಹಾಕಿದ್ದಕ್ಕೂ, ಆಮೇಲೆ ಹಾಳಾಗುವ ವೇಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಡೇಟಾದಲ್ಲಿ ಕಾಣಲಿಲ್ಲ. ಹಾಗಾದರೆ ಮೂರೇ ಸಾಕು ಅಂದರು. ಚೆಂದ ಇದೆ. ಆದರೆ ನನ್ನಂಥ ಅನುಮಾನದವನು ಇಲ್ಲಿ ಒಂದು ಪ್ರಶ್ನೆ ಕೇಳುತ್ತಾನೆ. ಐದು ಇಂಚು ಹಾಕಿದ್ದು ಯಾವ ರಸ್ತೆಗೆ? ತೀರಾ ಹದಗೆಟ್ಟ ರಸ್ತೆಗೇ ತಾನೇ ಜಾಸ್ತಿ ದಪ್ಪ ಹಾಕುವುದು?

ಈ ಪ್ರಶ್ನೆಯೇ ಇಡೀ ವಿಷಯದ ಗಂಟು. ಡಾಕ್ಟರ ಹತ್ತಿರ ಜಾಸ್ತಿ ಹೋಗುವವರೇ ಜಾಸ್ತಿ ಕಾಯಿಲೆಯವರು ಅಂತ ಲೆಕ್ಕ ಸಿಗುತ್ತದೆ. ಅದನ್ನು ನೋಡಿ ಡಾಕ್ಟರಿಂದಲೇ ಕಾಯಿಲೆ ಅನ್ನಲಾದೀತೇ? ರಸ್ತೆಯೂ ಹಾಗೇ. ಭಾರಿ ಲಾರಿ ಓಡುವ ಕಡೆ, ಮೆತ್ತನೆ ಮಣ್ಣಿರುವ ಕಡೆ ಎಂಜಿನಿಯರ್ ದಪ್ಪ ರಸ್ತೆ ಕೊಡುತ್ತಾರೆ. ಅಲ್ಲೇ ಪೆಟ್ಟೂ ಜಾಸ್ತಿ. ಎಲ್ಲ ರಸ್ತೆಗಳನ್ನು ಒಂದೇ ರಾಶಿ ಹಾಕಿ ದಪ್ಪಕ್ಕೂ ಬಿರುಕಿಗೂ ಗೆರೆ ಎಳೆದರೆ ‘ದಪ್ಪ ಹಾಕಿದಷ್ಟೂ ಬೇಗ ಹಾಳಾಗುತ್ತದೆ’ ಅನ್ನುವ ಹುಚ್ಚು ಉತ್ತರ ಬಂದರೂ ಬಂತು. ಹಾಗಾಗಿ ಮೊದಲು ಕುಟುಂಬ ಮಾಡಬೇಕು. ಒಂದೇ ಬಗೆಯ ಮಣ್ಣು, ಒಂದೇ ಮಳೆ, ಹತ್ತಿರ ಹತ್ತಿರ ಅಷ್ಟೇ ಲಾರಿ. ಅದರೊಳಗೆ ಮಾತ್ರ ದಪ್ಪವನ್ನು ಹೋಲಿಸಬೇಕು.

ಎರಡನೇ ಗಂಟನ್ನು ಕ್ರಿಕೆಟ್‌ನಿಂದ ಹೇಳುವುದೇ ಸುಲಭ. ಒಬ್ಬ ಬ್ಯಾಟರ್ 40 ರನ್ ಹೊಡೆದು ನಾಟ್ ಔಟ್ ಉಳಿದ. ಅವನು 40ಕ್ಕೆ ಔಟ್ ಆದ ಅಂತ ಬರೆದರೆ ಮೋಸ ಅಲ್ವಾ? ಇನ್ನೂ ಎಷ್ಟು ಹೊಡೆಯುತ್ತಿದ್ದನೋ ಗೊತ್ತಿಲ್ಲ, 40ಕ್ಕೆ ಕಡಿಮೆಯಂತೂ ಇಲ್ಲ. ರಸ್ತೆಗಳಲ್ಲಿ ನಾಟ್ ಔಟ್ ಬಹಳ. ಎಂಟನೇ ವರ್ಷ, ರಸ್ತೆ ಇನ್ನೂ ಗಟ್ಟಿ ಇರುವಾಗಲೇ, ಯಾವುದೋ ಗಣ್ಯರ ಭೇಟಿಗೆ ಹೊಸ ಡಾಂಬರು ಬಿತ್ತು. ಲೆಕ್ಕದಲ್ಲಿ ಅದರ ಆಯುಸ್ಸು ಎಂಟು ಅಂತ ಬರೆದರೆ ಡಿಸೈನ್‌ಗೆ ಅನ್ಯಾಯ. ಪಟ್ಟಿಯಿಂದ ತೆಗೆದುಹಾಕಿದರೂ ಅನ್ಯಾಯ. ಆಸ್ಪತ್ರೆಯ ಸಂಶೋಧನೆಯಲ್ಲಿ ಬದುಕುಳಿದವರ ಲೆಕ್ಕಕ್ಕೆ ಬಳಸುವ ಗಣಿತವನ್ನೇ ಇಲ್ಲೂ ಬಳಸುತ್ತಾರೆ. ಅದರಲ್ಲಿ ಪ್ರತಿ ನಾಟ್ ಔಟ್‌ಗೂ ‘ಕನಿಷ್ಠ ಇಷ್ಟು ವರ್ಷ’ ಅನ್ನುವ ಮರ್ಯಾದೆ ಸಿಗುತ್ತದೆ.

ಚಿಕ್ಕ ಪುಟ್ಟ ತೊಡಕುಗಳೂ ಇವೆ. ಕಣ್ಣಿನಿಂದ ಕ್ಯಾಮೆರಾಕ್ಕೆ ಬದಲಾದ ವರ್ಷ ರಾಜ್ಯದ ರಸ್ತೆಗಳೆಲ್ಲ ರಾತ್ರೋರಾತ್ರಿ ಬಿರುಕು ಬಿಟ್ಟ ಹಾಗೆ ಕಾಣಬಹುದು. ಬಿರುಕು ಹೊಸದಲ್ಲ, ಕಣ್ಣು ಹೊಸದು. ಬೈಪಾಸ್ ಆದಾಗ ಕಿಲೋಮೀಟರ್ ಕಲ್ಲುಗಳ ಸಂಖ್ಯೆ ಬದಲಾಗಿ, ಹಳೆಯ 42ನೇ ಕಿ.ಮೀ. ಈಗಿನ 45 ಆಗಿರುತ್ತದೆ. ಹಳೆಯ ಫೈಲಿಗೆ ಅದು ಗೊತ್ತಿರುವುದಿಲ್ಲ. ಪೇಟೆಗಳಲ್ಲಂತೂ ಡಾಂಬರು ಹಾಕಿದ ಮೂರನೇ ತಿಂಗಳಿಗೆ ಪೈಪಿನವರೋ ಕೇಬಲ್‌ನವರೋ ಬಂದು ಅಗೆಯುತ್ತಾರೆ. ಅಲ್ಲಿಗೆ ಡಿಸೈನ್ ಪರೀಕ್ಷೆ ಮುಗಿದ ಹಾಗೆ.

ಈಗ ನಮ್ಮ ಕಡೆ ಬರೋಣ. ಭಾರತದಲ್ಲಿ ಡಾಂಬರು ರಸ್ತೆ ಡಿಸೈನ್ ಮಾಡುವ ಕೈಪಿಡಿ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ-37. 1970ರಲ್ಲಿ ಮೊದಲು ಬಂತು, ಹಲವು ಸಲ ತಿದ್ದಿದರು, ಕೊನೆಯ ದೊಡ್ಡ ತಿದ್ದುಪಡಿಗಳಲ್ಲಿ ಒಂದು 2018ರದು. ಇದರಲ್ಲಿರುವ ಸಮೀಕರಣಗಳನ್ನು ಹೊರಗಿನಿಂದ ಹಾಗೇ ಎತ್ತಿಕೊಂಡಿಲ್ಲ. ನಮ್ಮದೇ ಹೆದ್ದಾರಿಗಳು ಹೇಗೆ ಬಾಳಿದವು ಅಂತ ಅಳೆದ ಡೇಟಾಕ್ಕೆ ಹೊಂದಿಸಿದ್ದಾರೆ, ಐಐಟಿ ಖರಗ್‌ಪುರದಲ್ಲಿ ಈ ಕೆಲಸ ಆಯಿತು. ಅದರ ಪ್ರಕಾರ ರಸ್ತೆ ಸೋತಿತು ಅನ್ನಬೇಕಾದರೆ ಜಾಡು 20 ಮಿ.ಮೀ. ಆಳ ಆಗಿರಬೇಕು, ಇಲ್ಲವೇ ಮೇಲ್ಮೈಯ ಶೇ 20ರಷ್ಟು ದಣಿವಿನ ಬಿರುಕು ಬಿಟ್ಟಿರಬೇಕು. ಸಾವಿರಾರು ಕೋಟಿಯ ವಾದಗಳಲ್ಲಿ ಈ ಎರಡು ಸಂಖ್ಯೆಗಳ ಹೆಸರು ಯಾರೂ ಎತ್ತುವುದಿಲ್ಲ ಅನ್ನುವುದು ನನ್ನ ದೂರು.

ಇದರಲ್ಲಿ ಇನ್ನೊಂದು ಮಾತು ಅಡಗಿದೆ. ಹೆದ್ದಾರಿಗಳನ್ನು ಶೇ 90 ಭರವಸೆಯ ಮೇಲೆ ಡಿಸೈನ್ ಮಾಡುತ್ತಾರೆ. ಹಾಗಂದರೆ ಏನು? ಇಂಥ 100 ತುಂಡುಗಳಲ್ಲಿ 10 ತುಂಡು ಅವಧಿಗೆ ಮೊದಲೇ ಸೋಲಬಹುದು ಅಂತ ಡಿಸೈನ್ ಮಾಡಿದವರೇ ಒಪ್ಪಿಕೊಂಡಿದ್ದಾರೆ. ಹಾಗಾಗಿ ಒಂದು ಹಾಳಾದ ರಸ್ತೆಯ ಫೋಟೊ ಹಿಡಿದು ಡಿಸೈನ್ ತಪ್ಪು ಅನ್ನಲು ಬರುವುದಿಲ್ಲ, ಒಂದು ಒಳ್ಳೆಯ ರಸ್ತೆ ತೋರಿಸಿ ಸರಿ ಅನ್ನಲೂ ಬರುವುದಿಲ್ಲ. ನೂರು ತುಂಡು ಬೇಕು. 15 ವರ್ಷದ ಡಿಸೈನ್‌ನಲ್ಲಿ ಎಂಟನೇ ವರ್ಷಕ್ಕೇ 40 ತುಂಡು ಸೋತಿದ್ದರೆ ಲೆಕ್ಕ ಎಡವಿದೆ. 15 ವರ್ಷ ಕಳೆದರೂ 99 ತುಂಡು ನಗುತ್ತಾ ಇದ್ದರೆ ಲೆಕ್ಕದಲ್ಲಿ ಅತಿಯಾದ ಭಯ ಇತ್ತು ಅಂತ.

ಕರ್ನಾಟಕದಲ್ಲಿ ಈ ಕುಟುಂಬ ಮಾಡುವ ಕೆಲಸ ನಿಜಕ್ಕೂ ಸ್ವಾರಸ್ಯದ್ದು. ಗದಗ, ವಿಜಯಪುರ, ಕಲಬುರಗಿ ಕಡೆಯ ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ. ಅದರ ಮೇಲಿನ ರಸ್ತೆಯ ಅಂಚಿನಲ್ಲಿ ಉದ್ದುದ್ದ ಬಿರುಕು ಬರುತ್ತದೆ. ಲಾರಿ ಓಡದಿದ್ದರೂ ಬರುತ್ತದೆ. ಇದನ್ನು ಭಾರದ ಬಿರುಕಿನ ಜೊತೆ ಕೂಡಿಸಿ ಎಣಿಸಿದರೆ ದಪ್ಪ ಸಾಲದು ಅನ್ನುವ ತಪ್ಪು ಉತ್ತರ ಸಿಗುತ್ತದೆ. ಅಲ್ಲಿ ಬೇಕಾದದ್ದು ಮಣ್ಣಿನ ಚಿಕಿತ್ಸೆ, ನೀರು ಒಳಗಿಳಿಯದಂತೆ ಕಟ್ಟು. ಕೋಲಾರದ ಕೆಂಪು ಮಣ್ಣಿಗೆ ಹೊಂದುವ ತೀರ್ಮಾನ ಇಲ್ಲಿಗೆ ಹೊಂದುವುದಿಲ್ಲ, ಮಲೆನಾಡಿನ ಮಳೆಗೆ ಎರಡೂ ಹೊಂದುವುದಿಲ್ಲ.

ಇನ್ನು ಗಣಿ ರಸ್ತೆಗಳು. 2000ದ ದಶಕದ ಅದಿರಿನ ಭರಾಟೆಯಲ್ಲಿ ಸಂಡೂರು, ಹೊಸಪೇಟೆ ಕಡೆಯಿಂದ ಬೇಲೆಕೇರಿ ಬಂದರಿನವರೆಗೆ ಲಾರಿ ಸಾಲು ನೋಡಿದವರಿಗೆ ನೆನಪಿರುತ್ತದೆ. ಗಣಿ ರಸ್ತೆಯಲ್ಲಿ ಒಂದು ಪ್ರಯೋಗ ತಾನಾಗಿಯೇ ನಡೆಯುತ್ತಿರುತ್ತದೆ: ಹೋಗುವ ಲಾರಿ ತುಂಬಿರುತ್ತದೆ, ಬರುವುದು ಖಾಲಿ. ಅದೇ ಮಣ್ಣು, ಅದೇ ಮಳೆ, ಅದೇ ಗುತ್ತಿಗೆದಾರ, ಅದೇ ದಪ್ಪ. ಎರಡು ಬದಿಯನ್ನು ಬೇರೆ ಬೇರೆ ಅಳೆದಿಟ್ಟರೆ ತಪ್ಪು ಕೆಲಸದ್ದೋ ಭಾರದ್ದೋ ಅನ್ನುವ ಜಗಳ ಅಲ್ಲೇ ತೀರುತ್ತದೆ. ಎರಡು ಬದಿಯ ಸರಾಸರಿ ತೆಗೆದು ಒಂದೇ ಸಂಖ್ಯೆ ಬರೆದರೆ ಆ ಉತ್ತರ ಹೋದ ಹಾಗೆ. ಬಹಳ ಕಡೆ ಹಾಗೇ ಬರೆಯುತ್ತಾರೆ ಅನ್ನುವುದು ಬೇಸರದ ವಿಷಯ.

ಈಗ ರಾಷ್ಟ್ರೀಯ ಹೆದ್ದಾರಿಗಳ ಮೇಲೆ ಲೇಸರ್, ಕ್ಯಾಮೆರಾ, ಜಿಪಿಎಸ್ ಇರುವ ಸರ್ವೆ ಗಾಡಿಗಳು ಓಡುತ್ತಿವೆ. ಮೇಲ್ಮೈಯ ಲೆಕ್ಕಕ್ಕೆ ಬರ ಇಲ್ಲ. ಬರ ಇರುವುದು ಕೆಳಗಿನದಕ್ಕೆ: ನಿಜವಾಗಿ ಎಷ್ಟು ದಪ್ಪ ಬಿತ್ತು, ಮಣ್ಣಿನ ಬಲ ಎಷ್ಟಿತ್ತು, ಯಾವ ತಿಂಗಳು ಡಾಂಬರು ಹಾಕಿದರು, ಆಮೇಲೆ ಎಷ್ಟು ಟನ್ನಿನ ಅಚ್ಚು ಎಷ್ಟು ಸಲ ಹಾದವು. ಈ ಕಾಗದಗಳು ಗುತ್ತಿಗೆಯ ಬಿಲ್ ಪಾಸಾದ ದಿನ ಕಪಾಟು ಸೇರುತ್ತವೆ, ಸರ್ವೆಯ ಫೈಲು ಇನ್ನೊಂದು ಕಚೇರಿಯಲ್ಲಿ ಇರುತ್ತದೆ. ಎರಡೂ ಒಂದೇ ಮೇಜಿನ ಮೇಲೆ ಬರುವುದಿಲ್ಲ.

ಒಂದು ಲೆಕ್ಕ ಹೇಳಿ ಮುಗಿಸುತ್ತೇನೆ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಒಂದು ಅಚ್ಚಿಗೆ ಇದ್ದ ಮಿತಿಯನ್ನು 10.2 ಟನ್‌ನಿಂದ 11.5 ಟನ್‌ಗೆ ಏರಿಸಿತು. ಭಾರ ಏರಿದ್ದು ಶೇ 13ರಷ್ಟು. ನಾಲ್ಕನೇ ಘಾತಕ್ಕೆ ಹಾಕಿದರೆ ಅಂಥ ಒಂದು ಅಚ್ಚಿನ ಪೆಟ್ಟು ಏರಿದ್ದು ಸುಮಾರು ಶೇ 60. ಓವರ್‌ಲೋಡ್ ಅಲ್ಲ, ಕಾನೂನೇ ಒಪ್ಪಿದ ಭಾರ ಇದು. ಅದಕ್ಕೆ ಮೊದಲು ಡಿಸೈನ್ ಆದ ರಸ್ತೆಗಳು ನಮ್ಮ ಸುತ್ತ ಸಾವಿರಾರು ಕಿಲೋಮೀಟರ್ ಇವೆ. ಅವುಗಳ ಅಚ್ಚಿನ ತೂಕ ಬರೆದಿಟ್ಟವರ ಗ್ರಾಫಿನಲ್ಲಿ 2018ರ ಆಚೆ ಗೆರೆ ಕಡಿದಾಗಿ ಬಾಗಿದರೆ ಕಾರಣ ಹುಡುಕುವುದು ಕಷ್ಟವಾಗುವುದಿಲ್ಲ. ಬರೆದಿಡದ ಕಡೆ ಜಿಲ್ಲಾ ಪುಟದ ಆ ಎರಡು ಪದಗಳೇ ಸಾಕಾಗುತ್ತವೆ.